ಏಳನೇ ನಂಬರು: ಪೀಣ್ಯದಿಂದ ಹೆಬ್ಬಗೋಡಿಗೆ

ಶನಿವಾರ ಬೆಳಗ್ಗೆ ಆರೂಕಾಲಿಗೆ ತುಮಕೂರಿನ ನಿಲ್ದಾಣದಲ್ಲಿ ಬೆಂಗಳೂರಿಗೆ ಹೋಗುವ ಸಾದಾ ಬಸ್ಸು ಹತ್ತಿದೆ. ಆಧಾರ್ ಕಾರ್ಡು ತೋರಿಸಿದ ಮೇಲೆ ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟರು. ಚೀಲದಲ್ಲಿ ಒಂದು ಜೊತೆ ಬಟ್ಟೆ, ನೀರಿನ ಬಾಟಲಿ, ಟೋಪಿ, ಹೋದ ವರ್ಷದ ನೋಟ್‌ಬುಕ್ಕು ಮತ್ತು ಈ ವರ್ಷದ ಹೊಸ ನೋಟ್‌ಬುಕ್ಕು ಇದ್ದವು. ಫೆಬ್ರವರಿ ಮುಗಿಯುತ್ತಾ ಬಂದಿತ್ತು. ದಾಬಸ್‌ಪೇಟೆ ದಾಟುವವರೆಗೂ ಚಳಿಯಿತ್ತು ಎಂದು ಹೊಸ ನೋಟ್‌ಬುಕ್ಕಿನ ಮೊದಲ ಸಾಲು ಹೇಳುತ್ತದೆ. ನನಗೆ ನೆನಪಿರುವುದು ಬಿಸಿಲು ಮಾತ್ರ.

ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಓದುವ ಕಾಲಕ್ಕೆ ವಿಶ್ವವಿದ್ಯಾಲಯದ ಹಾಕಿ ತಂಡದಲ್ಲಿ ಆಡಿದ್ದೆ. ಆಗ ನಮ್ಮ ಗೋಲು ಕಾಯುತ್ತಿದ್ದ ಶಾಹೀನಾ ಈಗ ಪೀಣ್ಯದ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸ ಮಾಡುತ್ತಾ ಹುಡುಗಿಯರಿಗೆ ಹಾಕಿ ಕಲಿಸುತ್ತಾಳೆ. ಅವಳ ಕ್ಲಬ್ಬಿನ ಅಭ್ಯಾಸ ನಡೆಯುವುದು ಮೂರು ಕಡೆ: ಪೀಣ್ಯ, ವೈಟ್‌ಫೀಲ್ಡ್ ದಾರಿಯ ಕುಂದಲಹಳ್ಳಿ, ಎಲೆಕ್ಟ್ರಾನಿಕ್ ಸಿಟಿ ಪಕ್ಕದ ಹೆಬ್ಬಗೋಡಿ. ವರ್ಷಕ್ಕೊಮ್ಮೆ ಹೊರಗಿನವರೊಬ್ಬರು ಮೂರೂ ಕಡೆಯ ಹುಡುಗಿಯರನ್ನು ನೋಡಿ, ಯಾರು ಎಷ್ಟು ಬೆಳೆದಿದ್ದಾರೆಂದು ಬರೆದುಕೊಡಬೇಕು. ಅದರ ಮೇಲೆ ಬೇಸಿಗೆ ಶಿಬಿರಕ್ಕೆ ಹದಿನೆಂಟು ಮಂದಿಯ ಆಯ್ಕೆ. ಎರಡು ವರ್ಷ ಸತತವಾಗಿ ಕಡಿಮೆ ಅಂಕ ಬಿದ್ದರೆ ಹೆಸರು ಪಟ್ಟಿಯಿಂದ ಹೋಗುತ್ತದೆ. ಹೋದ ವರ್ಷ ಈ ಕೆಲಸ ಮಾಡಿದವಳು ನಾನು. ಈ ವರ್ಷವೂ ನಾನೇ.

ನೆಲಮಂಗಲದ ಬಳಿ ಶಾಹೀನಾ ಫೋನು ಮಾಡಿದಳು.

“ಹೆಬ್ಬಗೋಡೀಲಿ ಒಬ್ಬಳಿದ್ದಾಳೆ ಕಣೇ ಗಿರಿಜಾ, ರೇಣುಕಾ ಅಂತ. ಹೋದ್ ವರ್ಷ ನಿನ್ ಕೈಯಲ್ಲೇ ಬಿದ್ದಿದ್ದು. ಈ ಸಲನೂ ಬಿದ್ರೆ ಮುಗೀತು. ಮುಂದಿನ್ ವರ್ಷ ವಯಸ್ಸು ಮೀರತ್ತೆ.”

“ಹೆಸರು ಹೇಳ್ಬೇಡ ಅಂದಿದ್ದೀನಲ್ಲ. ನಂಬರ್ ಹೇಳು.”

“ನಂಬರಂತೆ ನಂಬರು! ಏಳು. ಹೋದ್ ವರ್ಷ ಏಳು.”

ಹೆಸರು ಬೇಡವೆನ್ನುವುದು ನನ್ನ ಕಟ್ಟುನಿಟ್ಟು. ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುವಾಗ ನಮಗೆ ವಿದ್ಯಾರ್ಥಿಯ ಹೆಸರು ಕಾಣುವುದಿಲ್ಲ, ಕೋಡ್ ನಂಬರು ಮಾತ್ರ ಕಾಣುತ್ತದೆ. ಹುಡುಗಿಯರನ್ನೂ ಹಾಗೆಯೇ, ಬೆನ್ನ ಮೇಲಿನ ನಂಬರಿನಿಂದಲೇ ತೂಗಬೇಕೆಂದು ಹೋದ ವರ್ಷ ನಾನೇ ಹಟ ಹಿಡಿದಿದ್ದೆ. ಯಾರ ಮಗಳು, ಯಾವ ಊರು, ಮುಖದಲ್ಲಿ ಕಳೆಯಿದೆಯೇ ಎಂಬುದೆಲ್ಲ ಅಂಕದೊಳಗೆ ನುಸುಳಬಾರದು. ಬಸ್ಸಿನಲ್ಲೇ ಹಳೆಯ ನೋಟ್‌ಬುಕ್ಕು ತೆರೆದೆ. “೭: ಮೊದಲರ್ಧ ಚುರುಕು. ಎರಡನೇ ಅರ್ಧದಲ್ಲಿ ಓಟ ನಿಂತಿತು. ಚೆಂಡು ಪಕ್ಕಕ್ಕೇ ಬಂದರೂ ಹೆಜ್ಜೆ ಎತ್ತಲಿಲ್ಲ. ಮನಸ್ಸಿಲ್ಲ.” ಓದುತ್ತಿದ್ದಂತೆ ಆ ಹುಡುಗಿ ಕಣ್ಣ ಮುಂದೆ ಬಂದಳು. ಎರಡು ಜಡೆ, ಕೆಂಪು ಟೇಪು, ಮಂಡಿಯ ಮೇಲೆ ಕೈಯೂರಿ ನಿಂತ ಭಂಗಿ. ಬರಹವೂ ನೆನಪೂ ಒಂದೇ ಮಾತು ಹೇಳುವುದು ಅಪರೂಪ. ನನಗೆ ಧೈರ್ಯವಾಯಿತು.

ಎಂಟನೇ ಮೈಲಿಯಲ್ಲಿ ಇಳಿದು ಆಟೋ ಹಿಡಿದೆ. ಪೀಣ್ಯದ ಮೈದಾನ ಮೂರು ಕಡೆ ಶೆಡ್ಡುಗಳ ನಡುವೆ ಇದೆ. ಲೇತ್ ಮಿಷನ್ನಿನ ಸದ್ದು ನಿಲ್ಲುವುದೇ ಇಲ್ಲ. ಗಾಳಿಗೆ ಕಬ್ಬಿಣದ ಪುಡಿ, ಸುರುಳಿ ಚೂರುಗಳು ಮೈದಾನಕ್ಕೆ ಬಂದು ಬೀಳುತ್ತವೆ. ಆದ್ದರಿಂದ ಅಲ್ಲಿ ಅಭ್ಯಾಸ ಶುರುವಾಗುವುದು ಅಯಸ್ಕಾಂತದಿಂದ. ಇಬ್ಬರು ಹುಡುಗಿಯರು ಹಗ್ಗ ಕಟ್ಟಿದ ದಪ್ಪ ಅಯಸ್ಕಾಂತವನ್ನು ಗೋಲಿನ ಮುಂದೆ ಎಳೆದುಕೊಂಡು ಅತ್ತಿಂದಿತ್ತ ಓಡಾಡಿದರು. ಐದು ನಿಮಿಷಕ್ಕೆ ಅದಕ್ಕೆ ಕಪ್ಪು ಗಡ್ಡ ಬಂತು. “ಇವತ್ತು ಮಾವನಿಗೆ ಶೇವಿಂಗ್ ಆಗ್ಬೇಕು ಮಿಸ್,” ಎಂದು ಒಬ್ಬಳು ಚೂರುಗಳನ್ನು ಕೆರೆದು ಡಬ್ಬಕ್ಕೆ ಹಾಕಿದಳು.

ಅವಳ ಹೆಸರು ಗಂಗಾ ಎಂದು ಆಮೇಲೆ ತಿಳಿಯಿತು. ಎಡಬದಿಯಲ್ಲಿ ಆಡುತ್ತಾಳೆ. ಅವಳ ನಂಬರಿನ ಮುಂದೆ ಹೋದ ವರ್ಷ “ಹೊಡೆಯುವುದೊಂದೇ ಗೊತ್ತು” ಎಂದಿತ್ತು. ಈ ಸಲ ಚೆಂಡು ಸಿಕ್ಕ ಕೂಡಲೇ ತಲೆ ಎತ್ತಿ ಜೊತೆಯವಳು ಎಲ್ಲಿದ್ದಾಳೆಂದು ನೋಡುತ್ತಿದ್ದಳು. ಹನ್ನೊಂದು ಸಲ ಎಣಿಸಿದೆ, ಒಂಬತ್ತು ಸಲ ನೋಡಿಯೇ ಪಾಸು ಕೊಟ್ಟಳು. ಒಂದು ವರ್ಷದಲ್ಲಿ ಕತ್ತು ಎತ್ತುವುದನ್ನು ಕಲಿಯುವುದು ಸಣ್ಣ ಬೆಳವಣಿಗೆಯಲ್ಲ. ಸಂತೋಷದಿಂದ ಬರೆದುಕೊಂಡೆ.

ಆಗಲೇ ನಾಲ್ಕನೇ ನಂಬರಿನವಳು ಗೆರೆಯಾಚೆ ಓಡಿಬಂದಳು. ಟೀ ಶರ್ಟಿನ ಮೇಲೆ ಹಾಕಿಕೊಂಡಿದ್ದ, ನಂಬರು ಬರೆದ ಹಳದಿ ಬಿಬ್ಬನ್ನು ತಲೆಯ ಮೇಲಿಂದ ಕಿತ್ತು ಕಾಯುತ್ತಿದ್ದ ಇನ್ನೊಬ್ಬಳ ಮುಖಕ್ಕೆ ಎಸೆದಳು. ಅವಳು “ಥೂ, ಬೆವರು!” ಎಂದು ಬೈದು ಅದನ್ನೇ ತೊಟ್ಟು ಒಳಗೆ ಓಡಿದಳು. ನನ್ನ ಪೆನ್ನು ನಾಲ್ಕರ ಮುಂದೆ ನಿಂತಿತು.

“ಇದೇನೇ ಶಾಹೀನಾ? ನಾಲ್ಕನೇ ನಂಬರು ಬದಲಾಯ್ತಲ್ಲ?”

“ಹುಡುಗಿ ಬದಲಾದ್ಲು. ನಂಬರ್ ಅಲ್ಲೇ ಇದೆ.”

“ಹೋದ ವರ್ಷನೂ ಹಿಂಗೇನಾ?”

“ಯಾವಾಗ್ಲೂ ಹಿಂಗೇ. ಹುಡುಗೀರು ಹದಿನಾರು, ಬಿಬ್ಬು ಹನ್ನೊಂದು. ಇದೇ ಹನ್ನೊಂದನ್ನ ಹೆಬ್ಬಗೋಡಿಗೂ ತಗೊಂಡ್ ಹೋಗ್ತೀನಿ. ನೀನ್ ನೋಡ್ತಾನೇ ಇದ್ದೆ ಅಲ್ವಾ?”

ನೋಡುತ್ತಲೇ ಇದ್ದೆ, ನಿಜ. ಆದರೆ ನೋಡಿದ್ದು ನಂಬರನ್ನು. ಪರೀಕ್ಷೆಯ ಕೋಣೆಯಲ್ಲಿ ಅರ್ಧ ಹೊತ್ತಾದ ಮೇಲೆ ಒಬ್ಬರ ಉತ್ತರ ಪತ್ರಿಕೆಯಲ್ಲಿ ಇನ್ನೊಬ್ಬರು ಕುಳಿತು ಬರೆಯುವುದಿಲ್ಲ. ಇಲ್ಲಿ ಪ್ರತಿ ಪಂದ್ಯದಲ್ಲೂ ಅದೇ ಪದ್ಧತಿ.

“ಏಳನ್ನ ಆಮೇಲೆ ಯಾರು ಹಾಕ್ಕೊಂಡ್ರು?”

“ವರ್ಷ ಆಯ್ತು ಕಣೇ, ನಂಗೆಲ್ಲಿ ನೆನಪಿರತ್ತೆ? ಆಟ ಶುರುವಾಗೋವಾಗ ರೇಣುಕಾ ಹಾಕಿದ್ಲು. ನೀನು ಅಂಕ ಕಳಿಸ್ದಾಗ, ಶುರುವಲ್ಲಿ ಯಾರಿಗೆ ಯಾವ ಬಿಬ್ಬು ಅಂತ ಬರ್ಕೊಂಡಿದ್ದ ಪಟ್ಟಿ ನೋಡಿ ಹೆಸರು ತುಂಬಿದೆ.”

“ಆದರೆ ಅವಳು ಮಂಡಿ ಮೇಲೆ ಕೈ ಇಟ್ಕೊಂಡು ನಿಂತಿದ್ದು ನನಗೆ ಚೆನ್ನಾಗಿ ನೆನಪಿದೆ. ಎರಡು ಜಡೆ.”

“ಹಂಗಾದ್ರೆ ಅವಳೇ ಇರ್ಬೇಕು,” ಎಂದಳು ಶಾಹೀನಾ. ಅವಳ ದನಿಯಲ್ಲಿ ನಂಬಿಕೆಯಿರಲಿಲ್ಲ. ನನಗೂ ಇರಲಿಲ್ಲ.

ಗೇಟಿನ ಬಳಿಯ ಗಾಡಿಯಲ್ಲಿ ಚಿತ್ರಾನ್ನ ತಿಂದು ಇಬ್ಬರೂ ಪೀಣ್ಯ ಇಂಡಸ್ಟ್ರಿ ನಿಲ್ದಾಣದಿಂದ ಮೆಟ್ರೋ ಹಿಡಿದೆವು. ಮೆಜೆಸ್ಟಿಕ್ಕಿನಲ್ಲಿ ಬದಲಿಸಿ ಕುಂದಲಹಳ್ಳಿಗೆ ತಲಾ ತೊಂಬತ್ತು ರೂಪಾಯಿ, ಒಂದೂವರೆ ಗಂಟೆಗೆ ಸ್ವಲ್ಪ ಕಡಿಮೆ. ದಾರಿಯುದ್ದಕ್ಕೂ ಯಾರ ತಪ್ಪೆಂದು ಮಾತಾಡಿಕೊಂಡೆವು. ಬಿಬ್ಬು ಹಂಚಿಕೊಳ್ಳುವುದು ನನಗೆ ಗೊತ್ತಿದೆಯೆಂದು ಅವಳು ತಿಳಿದಿದ್ದಳು. ಮುಖ ನೋಡದಿರುವುದೇ ನ್ಯಾಯವೆಂದು ನಾನು ತಿಳಿದಿದ್ದೆ. ಇಂದಿರಾನಗರ ಬರುವಷ್ಟರಲ್ಲಿ ಇಬ್ಬರಿಗೂ ಸಾಕಾಯಿತು.

ಕುಂದಲಹಳ್ಳಿಯಲ್ಲಿ ಆಟ ನಡೆಯುವುದು ಗಂಟೆಗಿಷ್ಟೆಂದು ಬಾಡಿಗೆಗೆ ಕೊಡುವ ಹಸಿರು ಟರ್ಫಿನ ಮೇಲೆ. ಸುತ್ತ ಬಲೆ. ಒಂದು ಬದಿಗೆ ಹಳೆಯ ಊರಿನ ಹೆಂಚಿನ ಮನೆಗಳು, ಇನ್ನೊಂದು ಬದಿಗೆ ಹದಿನೆಂಟು ಅಂತಸ್ತಿನ ಅಪಾರ್ಟ್‌ಮೆಂಟು. ಇಲ್ಲಿನ ಹುಡುಗಿಯರಿಗೆ ಒಬ್ಬೊಬ್ಬರಿಗೂ ಸ್ವಂತ ಜೆರ್ಸಿಯಿದೆ. ಬೆನ್ನ ಮೇಲೆ ನಂಬರು, ನಂಬರಿನ ಮೇಲೆ ಹೆಸರು. ಇವರ ಅಂಕಗಳಾದರೂ ಸರಿಯಿದ್ದವೆಂದು ಸಮಾಧಾನವಾಯಿತು. ಒಂಬತ್ತನೇ ನಂಬರಿನ ಶ್ರೇಯಾ ಹೋದ ವರ್ಷ ಚೆಂಡು ಎಡಕ್ಕೆ ಬಂದರೆ ಮೈ ತಿರುಗಿಸಿಕೊಳ್ಳಲು ಪೇಚಾಡುತ್ತಿದ್ದಳು. ಈಗ ಸ್ಟಿಕ್ಕನ್ನು ಮಗುಚಿ ಎಡಗಡೆಯಲ್ಲೇ ಚೆಂಡು ತಡೆದು ಮುಂದಕ್ಕೆ ಹಾಯಿಸಿದಳು. ಟರ್ಫಿನ ಮೇಲೆ ಚೆಂಡು ಹೇಳಿದ ಮಾತು ಕೇಳುತ್ತದೆ, ಕಲ್ಲುಮಣ್ಣಿನ ಮೇಲೆ ಕೇಳುವುದಿಲ್ಲ ಎಂಬುದನ್ನು ಪಕ್ಕದಲ್ಲಿ ಬರೆದುಕೊಂಡೆ. ಎರಡು ಕಡೆಯ ಬೆಳವಣಿಗೆಯನ್ನು ಒಂದೇ ಅಳತೆಯಲ್ಲಿ ಅಳೆಯುವುದು ಹೇಗೆಂದು ನನಗೆ ಇನ್ನೂ ಗೊತ್ತಿಲ್ಲ.

ಶ್ರೇಯಾಳ ತಂದೆ ಬಸವರಾಜ ಕಲಬುರಗಿಯವರು. ಇಲ್ಲಿ ಕಂಪನಿಯೊಂದರಲ್ಲಿ ಎಂಜಿನಿಯರು. ಮೊಬೈಲು ಹಿಡಿದು ಬಲೆಯ ಆಚೆ ಇಡೀ ಹೊತ್ತು ನಿಂತಿದ್ದರು.

“ಮೇಡಂ, ನಮ್ಮ ಹುಡುಗಿ ಹ್ಯಾಂಗ ಆಡ್ಲಿಕತ್ತಾಳ್ರೀ? ಖರೇ ಹೇಳ್ರಿ, ನಾ ಏನೂ ಅನ್ಕೊಳ್ಳಂಗಿಲ್ಲ.”

“ಅಂಕ ಹೇಳುವ ಹಾಗಿಲ್ಲ. ನೀವು ದಿನಾ ವಿಡಿಯೋ ಮಾಡ್ತೀರಾ?”

“ಒಂದೂ ಮ್ಯಾಚ್ ಬಿಟ್ಟಿಲ್ರೀ. ಹೋದ ವರ್ಷ ಹೆಬ್ಬಗೋಡಿಯವ್ರು ಇಲ್ಲಿ ಬಂದು ಆಡಿದ್ರಲ್ಲ, ಅದೂ ಐತಿ.”

ಶಾಹೀನಾ ನನ್ನ ಮುಖ ನೋಡಿದಳು. ನಾನು ಅಂಕ ಹಾಕಿದ್ದು ಅದೇ ಪಂದ್ಯಕ್ಕೆ.

ಸಂಜೆ ಏಳಕ್ಕೆ ಬಸವರಾಜರ ಮನೆಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಮುಂದಿಟ್ಟುಕೊಂಡು ಟಿವಿಯ ಪರದೆಯ ಮೇಲೆ ಪಂದ್ಯ ನೋಡಿದೆವು. ತಂದೆಯ ಕ್ಯಾಮೆರಾ ಮಗಳನ್ನು ಬಿಟ್ಟು ಅತ್ತಿತ್ತ ಹೋಗಿರಲಿಲ್ಲ. ಮೊದಲರ್ಧದಲ್ಲಿ ಹಳದಿ ಏಳು ಕಾಣಿಸಿದ್ದು ಶ್ರೇಯಾಳ ಸ್ಟಿಕ್ಕಿನಿಂದ ಚೆಂಡು ಕಿತ್ತಾಗ ಮಾತ್ರ. ಅದೂ ನಾಲ್ಕು ಸಲ. “ಈ ಹುಡುಗಿ ಭಾಳ ಕಾಡತಿತ್ತು ನೋಡ್ರಿ,” ಎಂದರು ಬಸವರಾಜ. ವಿರಾಮದಲ್ಲಿ ಶ್ರೇಯಾ ನೀರು ಕುಡಿಯುತ್ತಿದ್ದಾಗ, ಪರದೆಯ ಬಲ ಅಂಚಿನಲ್ಲಿ, ಎರಡು ಜಡೆಯ ಹುಡುಗಿ ಬಿಬ್ಬು ಕಿತ್ತು ಕತ್ತಿನವರೆಗೆ ಕೂದಲು ಕತ್ತರಿಸಿಕೊಂಡಿದ್ದ ಹುಡುಗಿಯೊಬ್ಬಳಿಗೆ ಕೊಟ್ಟಳು. ಎರಡನೇ ಅರ್ಧದಲ್ಲಿ ಮಂಡಿಯ ಮೇಲೆ ಕೈಯೂರಿ ನಿಂತವಳು ಈ ಗಿಡ್ಡ ಕೂದಲಿನವಳು. ಜಡೆಯವಳು ಗೆರೆಯಾಚೆ ಕುಳಿತು ಕೂಗುತ್ತಿದ್ದಳು.

“ಅಯ್ಯೋ, ಅದು ಲಾವಣ್ಯ ಕಣೇ! ನಮ್ ಗೋಲ್‌ಕೀಪರು! ಆಗಿನ್ನೂ ಗೋಲಿಗೆ ಬಂದಿರ್ಲಿಲ್ಲ,” ಎಂದು ಶಾಹೀನಾ ರೊಟ್ಟಿ ಹಿಡಿದ ಕೈಯನ್ನೇ ಹಣೆಗೆ ಬಡಿದುಕೊಂಡಳು.

ನನಗೆ ಹೆಚ್ಚು ಭಯವಾದದ್ದು ಬೇರೆ ಕಾರಣಕ್ಕೆ. ನೋಟ್‌ಬುಕ್ಕು ಬರೀ ಏಳು ಎಂದಿತ್ತು, ಸುಳ್ಳು ಹೇಳಿರಲಿಲ್ಲ. ಒಬ್ಬಳ ಜಡೆಯನ್ನು ಇನ್ನೊಬ್ಬಳ ಆಯಾಸಕ್ಕೆ ಹೊಲಿದದ್ದು ನನ್ನ ನೆನಪು. ಬರಹಕ್ಕೆ ಸಾಕ್ಷಿ ಬೇಕೆಂದಾಗ ಅದು ತಾನೇ ಕುಳಿತು ಸಾಕ್ಷಿ ತಯಾರಿಸಿತ್ತು.

ರಾತ್ರಿ ಅವರ ಮನೆಯಲ್ಲೇ ಉಳಿದೆವು. ಭಾನುವಾರ ಬೆಳಗ್ಗೆ ಆರೂವರೆಗೆ ಬಸವರಾಜರ ಕಾರಿನಲ್ಲಿ ವರ್ತೂರು, ದೊಮ್ಮಸಂದ್ರ, ಚಂದಾಪುರದ ಮೇಲೆ ಹೆಬ್ಬಗೋಡಿಗೆ ಹೊರಟೆವು. ಶ್ರೇಯಾಳ ತಂಡದ ಉಳಿದವರು ವ್ಯಾನಿನಲ್ಲಿ ಹಿಂದೆ ಬರುತ್ತಿದ್ದರು. ಅಂದು ಒಂದು ಕಡೆ ಕುಂದಲಹಳ್ಳಿ, ಇನ್ನೊಂದು ಕಡೆ ಪೀಣ್ಯ ಮತ್ತು ಹೆಬ್ಬಗೋಡಿ ಸೇರಿದ ತಂಡ ಆಡಬೇಕಿತ್ತು. ಚಂದಾಪುರದ ಸರ್ಕಲ್ಲಿನಲ್ಲಿ ಶಾಹೀನಾ ಹೊರಗೆ ಕೈ ತೋರಿಸಿದಳು.

“ರೇಣುಕಾ ದಿನಾ ಬೆಳಿಗ್ಗೆ ಇಲ್ಲೀವರ್ಗೂ ಓಡಿ ಬರ್ತಾಳೆ. ವಾಪಸ್ಸೂ ಓಟಾನೇ.”

“ಯಾವಾಗಿಂದ?”

“ನೀನು ಬರೆದಿದ್ದನ್ನ ಅವಳಿಗೆ ಹೇಳಿದ್ನಲ್ಲ, ಅವತ್ತಿಂದ. ಓಟ ನಿಂತೋಯ್ತು, ಮನಸ್ಸಿಲ್ಲ ಅಂತ ಮೇಡಂ ಬರೆದಿದಾರೆ ಅಂದೆ. ಮಾರನೇ ದಿನ ಬೆಳಿಗ್ಗೆನೇ ಎದ್ದು ಓಡಿದ್ಲು.”

ಸುಳ್ಳು ವಾಕ್ಯವೊಂದು ನಿಜವಾದ ಓಟಗಾರ್ತಿಯನ್ನು ಮಾಡಿದ್ದರೆ ಅದರಲ್ಲಿ ನನ್ನ ಪಾಲು ಹೆಮ್ಮೆಯದಲ್ಲ. ಆಟ ಮುಗಿಯುವವರೆಗೆ ರೇಣುಕಾಳಿಗೆ ಏನೂ ಹೇಳಬಾರದೆಂದು ತೀರ್ಮಾನಿಸಿದೆ. ತಪ್ಪೊಪ್ಪಿಗೆಯ ಭಾರ ಅವಳ ಕಾಲಿಗೂ ಬೀಳಬಾರದು, ನನ್ನ ಪೆನ್ನಿಗೂ ಬೀಳಬಾರದು. ಅವಳನ್ನು ಕರುಣೆಯಿಂದ ಪಾಸು ಮಾಡಿದರೆ ಅದು ಎರಡನೇ ತಪ್ಪಾಗುತ್ತಿತ್ತು.

ಹೆಬ್ಬಗೋಡಿಯ ಮೈದಾನ ಬಾಡಿಗೆ ಮನೆಗಳ ಸಾಲಿನ ಹಿಂದಿದೆ. ಮಹಡಿಗಳ ತುಂಬ ಒಣಹಾಕಿದ ಸಮವಸ್ತ್ರಗಳು, ಆಚೆ ಹೊಸೂರು ರಸ್ತೆಯ ಬಸ್ಸುಗಳ ಹಾರನ್ನು. ಶಾಹೀನಾ ಮೆಡಿಕಲ್ ಅಂಗಡಿಯಿಂದ ಬಿಳಿ ಪ್ಲಾಸ್ಟರು ತಂದು ಒಬ್ಬೊಬ್ಬರ ಟೀ ಶರ್ಟಿನ ಎದೆಗೂ ಬೆನ್ನಿಗೂ ಹೆಸರು ಬರೆದು ಅಂಟಿಸಿದಳು. ಅಂದು ಬಿಬ್ಬುಗಳಿಗೆ ರಜ. ಒಬ್ಬೊಬ್ಬರನ್ನೇ ಕರೆದು ಹೆಸರು ಕೇಳಿದೆ, ಮುಖ ನೋಡಿದೆ. ರೇಣುಕಾ ಹತ್ತಿರ ಬಂದು ನಿಂತಾಗ ಕೆಂಪು ಟೇಪು ಇರಲಿಲ್ಲ. ಕಪ್ಪು ರಬ್ಬರ್ ಬ್ಯಾಂಡಿತ್ತು. ಕೆಂಪು ಟೇಪು ವಿಡಿಯೋದಲ್ಲಾದರೂ ಇತ್ತೇ? ಈಗ ಹೇಳಲಾರೆ.

ಪಂದ್ಯ ಹದಿನೈದು ನಿಮಿಷದ ನಾಲ್ಕು ಕ್ವಾರ್ಟರು. ಈ ಭಾಗವನ್ನು ಅಲ್ಲೇ ಕುಳಿತು ಬರೆದ ಸಾಲುಗಳಿಂದಲೇ ಎತ್ತಿಕೊಳ್ಳುತ್ತಿದ್ದೇನೆ. ಗೆದ್ದ ಆಟಗಳು ನೆನಪಿನಲ್ಲಿ ಊದಿಕೊಳ್ಳುತ್ತವೆ. ಮೊದಲ ಎರಡು ಕ್ವಾರ್ಟರಿನಲ್ಲಿ ಕುಂದಲಹಳ್ಳಿ ಎರಡು ಗೋಲು ಹೊಡೆಯಿತು, ಎರಡನೆಯದು ಶ್ರೇಯಾಳದ್ದು. ರೇಣುಕಾ ರಕ್ಷಣೆಯಲ್ಲಿದ್ದಳು. ಒಂದು ಸಲ ಮೋಸಹೋದಳು, ಬರೆದುಕೊಂಡೆ. ಮೂರನೆಯದರಲ್ಲಿ ಗಂಗಾ ಒಂದು, ಪೀಣ್ಯದ ಇನ್ನೊಬ್ಬಳು ಪೆನಾಲ್ಟಿ ಕಾರ್ನರಿನಲ್ಲಿ ಒಂದು. ಎರಡು–ಎರಡು.

ಕೊನೆಯ ಕ್ವಾರ್ಟರಿನ ಹೊತ್ತಿಗೆ ಬಿಸಿಲು ಏರಿ ಎಲ್ಲರ ಕಾಲೂ ಭಾರವಾಗಿತ್ತು. ಶ್ರೇಯಾಳೇ ಎರಡು ಸಲ ಸೊಂಟ ಹಿಡಿದು ನಿಂತಳು. ರೇಣುಕಾ ನಿಲ್ಲಲಿಲ್ಲ. ಬಲದಲ್ಲಿ ಚೆಂಡು ಕಿತ್ತು ಎಡಕ್ಕೆ ಓಡಿ ಅಲ್ಲಿನ ಅಂತರ ಮುಚ್ಚಿದಳು. ಮತ್ತೆ ಬಲಕ್ಕೆ ಬಂದಳು. ಬದಲಿ ಆಟಗಾರ್ತಿಯನ್ನು ಕಳಿಸುವೆನೆಂದು ಶಾಹೀನಾ ಕೈ ಎತ್ತಿದರೆ “ಬೇಡ ಮಿಸ್, ಇನ್ನೂ ಇದೆ!” ಎಂದು ಕೂಗಿದಳು. ಎರಡು ನಿಮಿಷ ಉಳಿದಿದ್ದಾಗ ಶ್ರೇಯಾ ಹೊಡೆದ ಚೆಂಡನ್ನು ಲಾವಣ್ಯ ಕಾಲಿನ ಪ್ಯಾಡಿನಿಂದ ಹೊರದೂಡಿದಳು. ಅದು ರೇಣುಕಾಳ ಸ್ಟಿಕ್ಕಿಗೆ ಬಂತು. ತನ್ನ ಗೋಲಿನ ಮುಂದಿಂದ ಹೊರಟವಳು ನಡುಗೆರೆ ದಾಟಿದಳು. ಬೆನ್ನಟ್ಟಿದ ಮೂವರಲ್ಲಿ ಇಬ್ಬರು ಹಿಂದೆ ಬಿದ್ದರು. ಚೆಂಡು ಕಲ್ಲಿಗೆ ತಾಗಿ ಮಂಡಿಯೆತ್ತರ ನೆಗೆದರೆ ಸ್ಟಿಕ್ಕಿನಿಂದ ಮೆಲ್ಲಗೆ ತಟ್ಟಿ ಇಳಿಸಿಕೊಂಡು ಓಡಿದಳು. ನನ್ನ ಪಕ್ಕದಲ್ಲಿ ಬಸವರಾಜ ಮಗಳ ತಂಡ ಯಾವುದೆಂಬುದನ್ನೇ ಮರೆತು “ಓಡವ್ವಾ, ಓಡು! ಬಿಡಬ್ಯಾಡ!” ಎಂದು ಕುಣಿಯುತ್ತಿದ್ದರು. ಕುಂದಲಹಳ್ಳಿಯ ಗೋಲ್‌ಕೀಪರು ಮುಂದೆ ನುಗ್ಗಿದಾಗ ರೇಣುಕಾ ಹೊಡೆಯಲಿಲ್ಲ. ಎಡಕ್ಕೆ ಮೆಲ್ಲಗೆ ತಳ್ಳಿದಳು. ಅಲ್ಲಿ ತಲೆ ಎತ್ತಿಕೊಂಡು ಗಂಗಾ ಕಾಯುತ್ತಿದ್ದಳು. ಮೂರು–ಎರಡು.

“ನಿಮ್ಮ ವಿಡಿಯೋ?” ಎಂದು ಬಸವರಾಜರನ್ನು ಕೇಳಿದೆ. “ಅಯ್ಯ, ಕೈ ಎಲ್ಲಿತ್ತೋ ಏನೋ, ಬರೇ ನೆಲಾ ಬಂದದ್ರೀ,” ಎಂದರು.

ಅರ್ಧ ಗಂಟೆ ಬೇವಿನ ಮರದ ಕೆಳಗೆ ಕುಳಿತು ಹಾಳೆಗಳನ್ನು ತುಂಬಿದೆ. ಶಾಹೀನಾ ಹದಿನೆಂಟು ಹೆಸರುಗಳನ್ನು ಗಟ್ಟಿಯಾಗಿ ಓದಿದಳು. ಗಂಗಾ ಇದ್ದಳು, ಶ್ರೇಯಾ ಇದ್ದಳು, ಲಾವಣ್ಯ ಇದ್ದಳು. ಆರನೇ ಹೆಸರು ರೇಣುಕಾ. ಅವಳು ನಗಲಿಲ್ಲ, ಕುಣಿಯಲಿಲ್ಲ. ಸ್ಟಿಕ್ಕನ್ನು ನೆಲಕ್ಕೆ ಊರಿ ಅದರ ಮೇಲೆ ಹಣೆಯಿಟ್ಟಳು.

ಆಗ ನಾನು ಎಲ್ಲರ ಮುಂದೆ ಹೋದ ವರ್ಷದ ಸಂಗತಿ ಹೇಳಿದೆ. ಬಿಬ್ಬು, ವಿಡಿಯೋ, ನನ್ನ ಸಾಲು ಎಲ್ಲವನ್ನೂ. ಮೊದಲು ನಕ್ಕವಳು ಲಾವಣ್ಯ.

“ಮೇಡಂ, ಅದು ನಾನೇ! ನಂಗೆ ಓಡೋದು ಅಂದ್ರೇನೇ ಆಗಲ್ಲ. ಅದಕ್ಕೇ ಅಲ್ವಾ ಗೋಲಲ್ಲಿ ನಿಂತಿರೋದು!”

“ನಿನಗೆ ಅನುಮಾನ ಬರಲಿಲ್ವಾ?” ಎಂದು ರೇಣುಕಾಳನ್ನು ಕೇಳಿದೆ. “ಎರಡನೇ ಅರ್ಧ ನೀನು ಆಡಿರಲೇ ಇಲ್ಲವಲ್ಲ?”

“ಮಿಸ್ ಓಟ ನಿಂತೋಯ್ತು, ಮನಸ್ಸಿಲ್ಲ ಅಂತಷ್ಟೇ ಹೇಳಿದ್ರು ಮೇಡಂ, ಯಾವ ಹಾಫು ಅಂತ ಹೇಳ್ಲಿಲ್ಲ. ಫಸ್ಟ್ ಹಾಫ್ ಕೊನೇಲಿ ನಿಂತಿದ್ನೇನೋ ಅಂದ್ಕೊಂಡೆ.” ಲಾವಣ್ಯಳ ಕಡೆ ಕೈ ತೋರಿಸಿ ಕೇಳಿದಳು: “ಹಂಗಾದ್ರೆ ವರ್ಷಪೂರ್ತಿ ಇವಳ ಓಟಾನೂ ನಾನೇ ಓಡಿದ್ನಾ?”

ಎಲ್ಲರೂ ನಕ್ಕರು. ಲಾವಣ್ಯ ಪ್ಯಾಡು ಸಮೇತ ಅವಳ ಬೆನ್ನ ಮೇಲೆ ಹಾರಿದಳು, ಇಬ್ಬರೂ ಮಣ್ಣಿಗೆ ಬಿದ್ದರು.

ಹೊರಡುವಷ್ಟರಲ್ಲಿ ಖಾಲಿ ಬುಟ್ಟಿ ಹಿಡಿದ ಹೆಂಗಸೊಬ್ಬರು ಬಂದರು. ರೇಣುಕಾಳ ತಾಯಿ. ಆನೇಕಲ್ ಕಡೆಯ ಸೊಪ್ಪು ತಂದು ಹೆಬ್ಬಗೋಡಿಯಲ್ಲಿ ಮಾರುತ್ತಾರೆ. ನೇರ ನನ್ನ ಮುಂದೆ ನಿಂತರು.

“ನೀವೇನಾ ನಮ್ ಮಗೀಗೆ ಮನಸಿಲ್ಲ ಅಂತ ಬರ್ದೋರು?”

“ಹೌದಮ್ಮ, ನಾನೇ. ತಪ್ಪಾಗಿತ್ತು.”

“ಅಂಗೆ ಬಾಯಲ್ಲಿ ಅಂದ್ರೆ ಆಯ್ತಾ? ಅದು ಬರವಣಿಗೇಲಿತ್ತು. ಈಗ ಏನ್ ಬರ್ದಿದೀರಿ, ಓದಿ.”

ಹಾಳೆ ತೆಗೆದು ಓದಿದೆ: “ರೇಣುಕಾ, ಹೆಬ್ಬಗೋಡಿ. ಕೊನೆಯ ಕ್ವಾರ್ಟರಿನಲ್ಲಿ ಮೈದಾನದ ಮೇಲೆ ಇವಳಷ್ಟು ಓಡಿದವರಿಲ್ಲ. ಹೊಡೆಯುವ ಅವಕಾಶ ಬಿಟ್ಟು ಪಾಸು ಕೊಡುವ ತಿಳಿವಳಿಕೆಯಿದೆ. ಹೋದ ವರ್ಷ ಇವಳ ಹೆಸರಿನ ಮುಂದೆ ಬಂದ ಮಾತು ಇವಳದ್ದಲ್ಲ. ಅದನ್ನು ತೆಗೆದುಹಾಕಬೇಕು.”

ತಾಯಿ ಬುಟ್ಟಿ ಕೆಳಗಿಟ್ಟು ಸೆರಗಿನ ತುದಿಯಿಂದ ಮೊಬೈಲು ಬಿಚ್ಚಿ ಒಂದು ನಂಬರು ಒತ್ತಿ ನನ್ನ ಬಾಯಿಯ ಹತ್ತಿರ ಹಿಡಿದರು. “ಇನ್ನೊಂದ್ ಸಲ ಓದಿ. ಅವ್ರಪ್ಪ ಕೇಳ್ಲಿ. ವಸಿ ಜೋರಾಗಿ.”

ಓದಿದೆ. ಪಾಠ ಮಾಡುವ ಗಂಟಲು, ಹತ್ತಿರದ ಮಹಡಿಗಳಿಗೂ ಕೇಳಿಸಿರಬೇಕು.

ಹೆಬ್ಬಗೋಡಿ ನಿಲ್ದಾಣದಿಂದ ಹಳದಿ ಮಾರ್ಗದ ರೈಲು ಹಿಡಿದೆ. ಆರ್.ವಿ. ರಸ್ತೆಯಲ್ಲಿ ಬದಲಿಸಿ ಜಾಲಹಳ್ಳಿ, ಅಲ್ಲಿಂದ ತುಮಕೂರಿನ ಬಸ್ಸು. ರೈಲು ಹೊರಟಾಗ ಮನೆಗಳ ಸಂದಿನಲ್ಲಿ ಮೈದಾನ ಒಂದು ಕ್ಷಣ ಕಂಡಿತು. ಪಂದ್ಯ ಮುಗಿದು ಗಂಟೆಯ ಮೇಲಾಗಿದ್ದರೂ ಗೆರೆಯ ಗುಂಟ ಒಬ್ಬಳು ಓಡುತ್ತಿದ್ದಳು, ತಡೆಯಿಲ್ಲದೆ, ಯಾರೂ ಬೆನ್ನಟ್ಟದಿದ್ದರೂ ಜೋರಾಗಿ. ರೇಣುಕಾ ಎಂದು ಬರೆಯಲು ಕೈ ತುಡಿಯಿತು. ಅಷ್ಟು ದೂರದಿಂದ ಮುಖ ಕಾಣಲಿಲ್ಲ. ನೋಟ್‌ಬುಕ್ಕಿನಲ್ಲಿ “ಒಬ್ಬ ಹುಡುಗಿ, ಓಡುತ್ತಿದ್ದಾಳೆ” ಎಂದಷ್ಟೇ ಇದೆ.